ಮಗ್ಗಲ ಮನೆಯ ಸಪ್ಪಳ

ಸೊಲ್ಲಾಪುರ
9 ಜೂನ್ 2024

ಸೃಜನ್ ಅವರಿಗೆ,

ನಮಸ್ಕಾರ. ನಾನು ಶೈಲಾ. ಇಲ್ಲಿ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದೇನೆ. ರಜೆ ಮುಗಿಸಿ ಹೊರಟ ದಿನ ವಿಕ್ರೋಳಿ ಸ್ಟೇಷನ್ನಿನ ಸೇತುವೆಯ ಮೇಲೆ ನೀವು ಹಂಚುತ್ತಿದ್ದ ಕರಪತ್ರ ನನ್ನ ಕೈಗೂ ಬಂತು. ‘ಒಂದೇ ನೆಲ, ಎರಡು ಗೋಡೆ’. ಮುಂಬಯಿಯಲ್ಲಿ ಕನ್ನಡದ ಕರಪತ್ರ ಕಂಡದ್ದು ಇದೇ ಮೊದಲು, ಅದಕ್ಕೇ ಕಡಲೆ ಕಟ್ಟಲು ಕೊಡದೆ ಪೂರ್ತಿ ಓದಿದೆ. ನಿಮ್ಮ ಗೋಡೆಯ ಅನುಭವ ಬರೆದು ಕಳಿಸಿ ಎಂದು ಕೊನೆಯಲ್ಲಿ ಕೇಳಿದ್ದೀರಿ.

ನೀವು ಬರೆದಿರುವ ಬಿಲ್ಡಿಂಗ್ ನಮ್ಮದೇ. ಮಾರಾಟದ ಟವರಿನ ಹಿಂದಿರುವ ಪುನರ್ವಸತಿ ವಿಂಗ್. ಅದಕ್ಕೆ ಮೊದಲು ನಾವು ಟ್ರಾನ್ಸಿಟ್ ಕ್ಯಾಂಪಿನ ತಗಡಿನ ಮನೆಗಳಲ್ಲಿದ್ದೆವು. ಆಗಲೂ ಪಕ್ಕದ ಮನೆ ಮಾದೇವಿ ಚಿಗವ್ವನದು, ಈಗಲೂ ಅವಳದೇ. ಚೀಟಿ ಎತ್ತಿದಾಗ ಬೇರೆ ಬೇರೆ ಮಾಳಿಗೆ ಬಂದಿತ್ತು. ಅವ್ವ ಯಾರು ಯಾರ ಕೈಕಾಲು ಹಿಡಿದಳೋ, ಮತ್ತೆ ಮಗ್ಗುಲಿಗೇ ಬಂದರು.

ಹಗಲು ಮನೆಯಲ್ಲಿ ಅಪ್ಪ ಒಬ್ಬನೇ. ಅವ್ವ ಆಫೀಸುಗಳಲ್ಲಿ ನೆಲ ಒರೆಸಲು ಹೋಗುವಾಗ ಚಿಗವ್ವನ ಕೈಗೆ ಕೀಲಿ ಕೊಟ್ಟು ಹೋಗುತ್ತಾಳೆ. ಚಿಗವ್ವ ಪಕ್ಕದಲ್ಲಿದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ ನಾನು ಇಲ್ಲಿ ಓದುತ್ತಿದ್ದೇನೆ. ಈಗ ಆ ಧೈರ್ಯ ಕಡಿಮೆಯಾಗಿದೆ. ಹೊಸ ಮನೆಗೆ ಬಂದ ವಾರದಲ್ಲೇ ಅವ್ವ ಹೇಳಿದಳು: “ಎಲ್ಲಾ ಛಲೋ ಐತಿ ಶೈಲಾ, ಆದ್ರ ಮಗ್ಗಲ ಮನಿ ಸಪ್ಪಳ ಮೊದಲಿನ್ಹಂಗ ಬರವಲ್ದು.”

ಇದಕ್ಕಿಂತ ಹೆಚ್ಚು ಮನೆಯ ಮಾತು ಬರೆಯಲಾರೆ. ನಿಮ್ಮಿಂದ ಏನಾದರೂ ಆಗುವುದಿದ್ದರೆ ತಿಳಿಸಿ.

ಶೈಲಾ


ಅಂಧೇರಿ
17 ಜೂನ್ 2024

ಸಂಗಾತಿ ಶೈಲಾ,

ನಿಮ್ಮ ಪತ್ರ ಬಂತು. ಐನೂರು ಪ್ರತಿ ಹಂಚಿದ್ದೆ, ಬಂದ ಉತ್ತರ ಇದೊಂದೇ. ಒಂದೇ ಸಾಕು.

ನಾನು ಯಾರೆಂದು ಹೇಳಬೇಕು. ಅಂಧೇರಿಯಲ್ಲಿ ಶಬ್ದದ ಲೆಕ್ಕ ಹಾಕುವ ಒಂದು ಆಫೀಸಿದೆ, ಅಲ್ಲಿ ನಾನು ತೀರ ಕಿರಿಯ ನೌಕರ. ಕಟ್ಟಡ ಏಳುವ ಮೊದಲೇ, ಒಂದು ಮನೆಯ ಸದ್ದು ಇನ್ನೊಂದಕ್ಕೆ ಎಷ್ಟು ದಾಟುತ್ತದೆ ಎಂದು ಕಂಪ್ಯೂಟರಿನಲ್ಲಿ ಊಹಿಸುವುದು ನಮ್ಮ ಕೆಲಸ. ಸದ್ದು ಗೋಡೆಯನ್ನು ಮಾತ್ರ ಹಾಯುವುದಿಲ್ಲ. ಸ್ಲ್ಯಾಬು ಹಿಡಿದು, ಬದಿಯ ಗೋಡೆ ಹಿಡಿದು, ಸುತ್ತು ಹಾಕಿಯೂ ಬರುತ್ತದೆ. ಎಲ್ಲ ದಾರಿಗಳನ್ನೂ ಕೂಡಿಸಿ ಒಂದು ಅಂಕಿ ಕೊಡುತ್ತೇವೆ. ಅಂಕಿ ದೊಡ್ಡದಾದಷ್ಟೂ ಗೋಡೆ ಒಳ್ಳೆಯದು. ನಿಮ್ಮ ಜಾಗದ ಲೆಕ್ಕ ಹಾಕಿದವನು ನಾನೇ. ಮಾರಾಟದ ಟವರಿಗೆ ಐವತ್ತೆರಡು ಡೆಸಿಬೆಲ್, ನಿಮ್ಮ ವಿಂಗಿಗೆ ನಲವತ್ತೆರಡು. ಒಂದೇ ಮಣ್ಣಿನ ಮೇಲೆ ಎರಡು ಜಾತಿಯ ಗೋಡೆ! ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಕಂಡ ದಿನವೇ ನಾನು ಆ ಕರಪತ್ರ ಬರೆದೆ.

ಫೋನ್ ನಂಬರ್ ಯಾಕೆ ಹಾಕಿಲ್ಲ ಎಂದು ಕೇಳಬಹುದು. ಫೋನಿನಲ್ಲಿ ಎರಡನೆಯ ವಾಕ್ಯಕ್ಕೇ ಹಿಂದಿಗೆ ಜಾರುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಬೈಕುಲ್ಲಾದ ಹಳೆಯ ಕಾರ್ಮಿಕ ಸಂಘದ ಕೋಣೆಯಲ್ಲಿ ದಾರ ಕಟ್ಟಿ ಇಟ್ಟಿದ್ದ ಕರಪತ್ರಗಳನ್ನು ಓದಿ ಓದಿ ಕನ್ನಡ ಕಲಿತವನು ನಾನು. ಬರೆದರೆ ಮಾತ್ರ ನನ್ನ ಕನ್ನಡ ನಿಲ್ಲುತ್ತದೆ.

ನಿಮ್ಮ ತಾಯಿಯ ಆ ಒಂದು ವಾಕ್ಯ ನಮ್ಮ ಆಫೀಸಿನ ಎಲ್ಲ ವರದಿಗಳಿಗಿಂತ ತೂಕದ್ದು. ಆ ಗೋಡೆಯನ್ನು ಹಾಗೆಯೇ ಬಿಡಲಾಗದು. ವಾಕ್ಯವನ್ನು ಅಚ್ಚು ಹಾಕಿಸಲು ಅನುಮತಿ ಕೊಡಿ.

ಸೃಜನ್


ಸೊಲ್ಲಾಪುರ
2 ಜುಲೈ 2024

ಸೃಜನ್ ಅವರಿಗೆ,

ಡೆಸಿಬೆಲ್ ನನ್ನ ತಲೆಗೆ ಹತ್ತಲಿಲ್ಲ. ಅವ್ವನ ಮಾತು ನಿಮಗೆ ತಿಳಿಯಿತಲ್ಲ, ಅಷ್ಟು ಸಾಕು. ಆ ಗೋಡೆಗೆ ಏನಾದರೂ ಮಾಡಿಸಿದರೆ ದೊಡ್ಡ ಉಪಕಾರ.

ಮಾತು ಅಚ್ಚಾಗಲಿ, ಹೆಸರು ಬೇಡ. ಬಿಲ್ಡಿಂಗಿಗೆ ಹೋದರೆ ನಮ್ಮ ಬಾಗಿಲು ತಟ್ಟಬೇಡಿ. ಅಪ್ಪ ಎದ್ದು ಬಂದು ತೆಗೆಯುವುದಿಲ್ಲ. ಚಿಗವ್ವನ ಮನೆಗೆ ಹೋಗಿ.

ಹದಿನೈದರಿಂದ ನಮಗೆ ಹಳ್ಳಿ ಪೋಸ್ಟಿಂಗ್. ಬಂದ ಪತ್ರಗಳು ಹಾಸ್ಟೆಲಿನಲ್ಲೇ ಬಿದ್ದಿರುತ್ತವೆ, ಉತ್ತರ ತಡವಾದರೆ ಬೇಸರಿಸಬೇಡಿ. ಇನ್ನೊಂದು ಮಾತು, ‘ಸಂಗಾತಿ’ ಎಂದು ಬರೆಯಬೇಡಿ. ಇಲ್ಲಿಯ ವಾರ್ಡನ್ ಕನ್ನಡದವರು. ಲಕೋಟೆ ಒಡೆದು ಓದಿ, ಮದುವೆ ಯಾವಾಗ ಎಂದು ಕೇಳಿದರು.

ಶೈಲಾ


ಅಂಧೇರಿ
11 ಆಗಸ್ಟ್ 2024

ಶೈಲಾ ಅವರೇ,

ಗೆದ್ದೆವು!

ಎರಡನೆಯ ಕರಪತ್ರ ಇದರೊಂದಿಗಿದೆ. ನಿಮ್ಮ ತಾಯಿಯ ಮಾತನ್ನು ಮೇಲೆಯೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಎಲ್ಲರಿಗೂ ತಿಳಿಯಲೆಂದು ಬರಹದ ಕನ್ನಡಕ್ಕೆ ತಿದ್ದಿದೆ: ‘ಪಕ್ಕದ ಮನೆಯ ಸಪ್ಪಳ ಮೊದಲಿನಂತೆಯೇ ಬರಬಲ್ಲದು.’ ಬಿಲ್ಡರನ ಮುಖಕ್ಕೆ ಹಿಡಿಯಲು ಇದಕ್ಕಿಂತ ಒಳ್ಳೆಯ ಕನ್ನಡಿ ಎಲ್ಲಿದೆ? ಹೊಸ ಗೋಡೆ, ಆದರೆ ಸದ್ದು ತಗಡಿನ ಕಾಲದ್ದೇ!

ಆಫೀಸಿನಲ್ಲಿ ರಮಾನಾಥ ಸರ್ ಕರಪತ್ರವನ್ನು ಎರಡು ಬೆರಳಲ್ಲಿ ಹಿಡಿದು ಓದಿದರು. ಉಡುಪಿ ಕಡೆಯವರು, ಈ ಕೆಲಸದಲ್ಲೇ ತಲೆ ನರೆತವರು.

“ಏನು ಮಾರಾಯ, ನಲವತ್ತೆರಡರ ಗೋಡೆ ತಗಡಿನ ಹಾಗೆ ಆಗ್ಲಿಕ್ಕುಂಟಾ? ಮೀಟರ್ ಹಿಡ್ಕೊಂಡು ಹೋಗಿ ಅಳೆದು ಬಾ. ಮತ್ತೆ ಬೊಬ್ಬೆ ಹಾಕು.”

“ಜನರ ಮಾತೇ ಮೀಟರ್, ಸರ್” ಎಂದೆ.

“ಹೌದಾ? ಆ ಮೀಟರನ್ನು ಓದ್ಲಿಕ್ಕೆ ನಿನಗೆ ಬರ್ತದಾ?” ಎಂದು ನಕ್ಕರು. ಸಂಬಳದವರ ನಗು.

ಆದರೂ ಹೋಗಿ ವಿಚಾರಿಸಿದೆ. ಮಹಾದೇವಿಯವರು ಪೇಟೆಗೆ ಹೋಗಿದ್ದರು. ಸೊಸೆ ಚಂಪಾ ಇದ್ದರು, ಮರಾಠಿಯವರು, ಮೂರು ತಿಂಗಳ ಕೂಸು ತೊಡೆಯ ಮೇಲೆ. ಪಕ್ಕದ ಮನೆಯ ಸದ್ದು ಕೇಳುತ್ತದೆಯೇ ಎಂದೆ. “ದಿವಸಭರ್ ಖೋಕಲಾ, ದಾದಾ!” ಎಂದರು. ದಿನವಿಡೀ ಕೆಮ್ಮು. ಕೂಸು ಬೆಚ್ಚಿ ಏಳುತ್ತದಂತೆ, ತಾಯಿಗೂ ನಿದ್ದೆಯಿಲ್ಲ. ಅವರ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಬಡವರಿಗೆ ನಿಶ್ಶಬ್ದದ ಹಕ್ಕಿಲ್ಲವೇ ಎಂದು ಸೊಸೈಟಿಯ ಸಭೆಯಲ್ಲಿ ಕೂಗಿದೆ. ಜನ ಚಪ್ಪಾಳೆ ತಟ್ಟಿದರು.

ಬಿಲ್ಡರ್ ಒಪ್ಪಿದ್ದಾನೆ. ನಿಮ್ಮ ಮಾಳಿಗೆಯಲ್ಲಿ ಮೊದಲ ಪ್ರಯೋಗ. ಗೋಡೆಗೆ ಅಂಟದ ಹಾಗೆ ಬೇರೆ ಚೌಕಟ್ಟು, ಒಳಗೆ ಹತ್ತಿಯಂಥ ರಾಕ್‌ವೂಲ್, ಮೇಲೆ ಎರಡು ಪದರ ಜಿಪ್ಸಮ್ ಹಲಗೆ. ಮಹಾದೇವಿಯವರ ಮನೆಯ ಬದಿಯಿಂದಲೇ ಕೆಲಸ, ನಿಮ್ಮ ತಂದೆಯವರಿಗೆ ತೊಂದರೆಯಿಲ್ಲ. ನನ್ನ ಲೆಕ್ಕದಲ್ಲಿ ಐವತ್ತೆರಡು. ಟವರಿಗೆ ಸಮ!

ಸೃಜನ್


ಅಂಧೇರಿ
1 ಸೆಪ್ಟೆಂಬರ್ 2024

ಶೈಲಾ ಅವರೇ,

ನಿಮ್ಮ ಉತ್ತರವಿಲ್ಲ. ಹಳ್ಳಿಯಲ್ಲಿದ್ದೀರಿ ಎಂದುಕೊಂಡಿದ್ದೇನೆ.

ಕೆಲಸ ಮುಗಿಯಿತು. ಈ ಸಲ ಮೀಟರ್ ಒಯ್ದಿದ್ದೆ. ಓಣಿಯಲ್ಲಿ ಸ್ಪೀಕರ್ ಇಟ್ಟು ನಿಮ್ಮ ಮನೆಯೊಳಗೆ ಒಯ್ಯಲು ಕೀಲಿ ಕೇಳಿದೆ, ಮಹಾದೇವಿಯವರು ಕೊಡಲಿಲ್ಲ. “ನಿಂಗಣ್ಣ ಮಲಗ್ಯಾನ, ಬ್ಯಾಡ ತಮ್ಮಾ” ಎಂದರು, ನಿಮ್ಮ ತಂದೆಯವರನ್ನು ಕುರಿತು. ಅವರ ಮುಖ ಯಾಕೋ ಬಿಗಿದಿತ್ತು. ಮನೆ ಒಂದು ಗೇಣು ಚಿಕ್ಕದಾಯಿತೆಂದು ಇರಬೇಕು. ಇನ್ನೊಂದು ತುದಿಯ ಎರಡು ಮನೆಗಳ ನಡುವೆ ಅಳೆದೆ. ಐವತ್ತೊಂದು. ಊಹೆಗೆ ಒಂದೇ ಕಡಿಮೆ. ಚಂಪಾ ಕೂಸಿನ ಪಕ್ಕದಲ್ಲಿ ನಿದ್ದೆಹೋಗಿದ್ದರು.

ನಿಮ್ಮ ತಾಯಿಗೆ ಈಗ ಸಮಾಧಾನವೇ? ಎರಡು ಸಾಲು ಬರೆಯಿರಿ.

ಸೃಜನ್


ವಿಕ್ರೋಳಿ
10 ಸೆಪ್ಟೆಂಬರ್ 2024

ಸೃಜನ್,

ನಾನು ಮನೆಗೆ ಬಂದಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿ, ಆಕ್ಸಿಜನ್ ಮೇಲೆ ಇದ್ದಾನೆ. ಹಳ್ಳಿಯಿಂದ ಹಾಸ್ಟೆಲಿಗೆ ಬಂದ ದಿನವೇ ಅವ್ವನ ಫೋನ್ ಬಂತು. ನಿಮ್ಮ ಎರಡು ಲಕೋಟೆಗಳನ್ನು ರೈಲಿನಲ್ಲಿ ಒಡೆದೆ.

‘ಬರವಲ್ದು’ ಎಂದರೆ ‘ಬರಬಲ್ಲದು’ ಅಲ್ಲ. ‘ಬರುತ್ತಿಲ್ಲ’ ಎಂದು ಅರ್ಥ.

ಮಗ್ಗಲ ಮನೆಯ ಸಪ್ಪಳ ಮೊದಲಿನ ಹಾಗೆ ಬರುತ್ತಿಲ್ಲ. ಇದು ಅವ್ವನ ಮಾತು. ನಮಗೆ ಅವರ ಮನೆಯದು ಬರದಿದ್ದರೆ, ಅವರಿಗೆ ನಮ್ಮದೂ ಹೋಗುವುದಿಲ್ಲ. ಅವ್ವನ ಚಿಂತೆ ಅದೇ ಆಗಿತ್ತು.

ಅಪ್ಪ ಇಪ್ಪತ್ತು ವರ್ಷ ಗ್ರಾನೈಟ್ ಕೊಯ್ದ. ಟವರುಗಳ ಅಡುಗೆಕಟ್ಟೆಗಳ ಧೂಳು ಅವನ ಎದೆಯಲ್ಲಿದೆ. ತಗಡಿನ ಮನೆಯಲ್ಲಿ ಕೆಮ್ಮು ಬದಲಾದ ಕೂಡಲೇ ಚಿಗವ್ವ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದಳು. ಹೊಸ ಗೋಡೆಯಾಚೆ ಅರ್ಧವಾದರೂ ಕೇಳುತ್ತಿತ್ತು. ಆ ಅರ್ಧವನ್ನೂ ನೀವು ಮುಚ್ಚಿಸಿದಿರಿ. ಮೊನ್ನೆ ಅಪ್ಪ ಲೋಟದಿಂದ ಗೋಡೆ ಬಡಿದಿದ್ದಾನೆ. ಗೋಡೆಯ ಗಾರೆಯ ಮೇಲೆ ಗುರುತುಗಳಿವೆ. ಚಿಗವ್ವ ಆಚೆ ಕಡೆಯಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳಂತೆ. ಅವ್ವ ಕೆಲಸದಿಂದ ಬಂದು ನೋಡಿದಾಗ ಅಪ್ಪನ ಉಗುರುಗಳು ನೀಲಿಯಾಗಿದ್ದವು.

ಮೊದಲೇ ಯಾಕೆ ಹೇಳಲಿಲ್ಲ ಎನ್ನಬಹುದು. ಹೇಳಿದ್ದರೆ ಅಪ್ಪನ ಎದೆಯನ್ನೂ ಅಚ್ಚು ಹಾಕಿಸುತ್ತಿದ್ದಿರಿ.

ಶೈಲಾ


ಅಂಧೇರಿ
14 ಸೆಪ್ಟೆಂಬರ್ 2024

ಶೈಲಾ ಅವರೇ,

ಎರಡು ದಿನ ಬರೆದು ಬರೆದು ಹರಿದೆ. ಮೊದಲು ಬರೆದದ್ದು ನನ್ನ ಪರವಾದ ವಾದ. ವ್ಯಾಕರಣ, ಉಪಭಾಷೆ, ಚಂಪಾ ಹೇಳಿದ ಸಾಕ್ಷಿ. ಓದಿದಾಗ ನನಗೇ ಹೇಸಿಗೆಯಾಯಿತು.

ಜನರ ಮಾತೇ ಮೀಟರ್ ಎಂದೆ. ಆ ಮಾತಿನ ಅರ್ಥ ಕೇಳಲು ನಿಮಗೆ ಒಂದು ಕಾರ್ಡು ಬರೆಯಲಿಲ್ಲ. ನನಗೆ ಬೇಕಾಗಿದ್ದ ವಾಕ್ಯ ಅದು, ಅದಕ್ಕೇ ಹಾಗೆ ಓದಿಸಿಕೊಂಡಿತು.

ಹಲಗೆಗಳನ್ನು ಕೀಳಿಸುತ್ತೇನೆ. ಸೊಸೈಟಿಯ ಸಭೆ ಕರೆದು ಎಲ್ಲರ ಎದುರು ನನ್ನ ತಪ್ಪು ಹೇಳುತ್ತೇನೆ. ಅದನ್ನೂ ಅಚ್ಚು ಹಾಕಿಸಿ ಮನೆ ಮನೆಗೆ ಹಂಚುತ್ತೇನೆ.

ಸೃಜನ್


ವಿಕ್ರೋಳಿ
22 ಸೆಪ್ಟೆಂಬರ್ 2024

ಸೃಜನ್,

ನಿಮ್ಮ ಪಶ್ಚಾತ್ತಾಪದ ಕರಪತ್ರ ಯಾರಿಗೆ ಬೇಕು? ಒಂದು ಕಡಲೆ ಪೊಟ್ಟಣ ಹೆಚ್ಚಾದೀತು.

ಹಲಗೆ ಕೀಳುತ್ತಾರೆಂದು ಕೇಳಿದ ಕೂಡಲೇ ಚಂಪಾ ಅತ್ತಳು. ಹೆತ್ತ ಮೇಲೆ ಅವಳು ಕಣ್ಣು ಮುಚ್ಚಿದ್ದೇ ಆ ಗೋಡೆ ಎದ್ದ ಮೇಲಂತೆ. ನಾನು ನರ್ಸಿಂಗ್ ಓದುವವಳು, ಆ ನಿದ್ದೆ ಅವಳಿಗೆ ಎಷ್ಟು ಬೇಕೆಂದು ನನಗೆ ಗೊತ್ತು. ಅವಳ ಮೇಲೆ ಸಿಟ್ಟು ಮಾಡಲು ಹೋದೆ, ಆಗಲಿಲ್ಲ. ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ.

ಬೆಲ್ ಹಾಕಿಸಿ ನೋಡಿದೆವು. ಅಪ್ಪ ಮನೆಯಲ್ಲಿಲ್ಲದ್ದರಿಂದ ನಾನೇ ಅವನ ಜಾಗದಲ್ಲಿ ಮಲಗಿ ಒತ್ತಿದೆ. ಚಿಗವ್ವ ಬಂದು ಹೇಳಿದಳು: “ಅವಗ ಉಸುರು ಸಿಕ್ಕೊಂಡದ್ದು ಮೊದಲ ನನಗ ತಿಳೀತಿತ್ತು, ಆಮ್ಯಾಲ ಅವಗ. ಗುಂಡಿ ಒತ್ತಾಕ ಅವಗ ಮೊದಲ ತಿಳೀಬೇಕಲ್ಲ? ಫೋನೂ ಅಷ್ಟ, ಬೆಲ್ಲೂ ಅಷ್ಟ. ಗ್ವಾಡಿಗೆ ಹಾಸಿಗಿ ಹೊಚ್ಚೀರಿ ನೀವು.”

ಡಾಕ್ಟರರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಹಗಲು ಯಾರಾದರೂ ಅವನ ಕೆಮ್ಮು ಕೇಳುವಷ್ಟು ಹತ್ತಿರ ಇರಬೇಕು. ಅವ್ವ ಕೆಲಸ ಬಿಡುವ ಹಾಗಿಲ್ಲ. ಮುಂದಿನ ವಾರ ಅಪ್ಪನನ್ನು ಮನೆಗೆ ಕಳಿಸುತ್ತಾರೆ. ನಾನು ಕಾಲೇಜು ಬಿಡುವ ಅರ್ಜಿ ಬರೆದು ಇಟ್ಟಿದ್ದೇನೆ. ಅಕ್ಟೋಬರ್ ಹದಿನೈದರೊಳಗೆ ಹಾಜರಾಗದಿದ್ದರೆ ಅವರೇ ಹೆಸರು ತೆಗೆಯುತ್ತಾರೆ.

ಇದನ್ನು ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಗೋಡೆಯ ಲೆಕ್ಕ ಗೊತ್ತಿರುವವರು ನನಗೆ ಬೇರೆ ಯಾರೂ ಇಲ್ಲ.

ಶೈಲಾ


ಅಂಧೇರಿ
6 ಅಕ್ಟೋಬರ್ 2024

ಶೈಲಾ,

ನೀವು ತಂದೆಯವರ ಜೊತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಿಮ್ಮ ಮಾಳಿಗೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ರಮಾನಾಥ ಸರ್ ಅವರಿಗೆ ಎಲ್ಲ ಹೇಳಿದೆ. ಈ ಸಲ ನಗಲಿಲ್ಲ. “ಗೋಡೆ ಎಷ್ಟು ದಪ್ಪ ಇದ್ರೂ ಒಂದು ತೂತು ಬಿದ್ರೆ ಲೆಕ್ಕ ಮುಗೀತು. ಆಮೇಲೆ ಗೋಡೆ ಮಾತಾಡುವುದಿಲ್ಲ, ತೂತು ಮಾತಾಡ್ತದೆ. ನಾವು ಜೀವಮಾನ ಇಡೀ ಅದನ್ನು ಮುಚ್ಲಿಕ್ಕೆ ಹೇಳ್ತೇವೆ. ನೀನು ಒಮ್ಮೆ ತೆರೀಲಿಕ್ಕೆ ಹೇಳು” ಎಂದರು.

ಲೆಕ್ಕ ಹಾಕಿದೆ. ನಿಮ್ಮ ತಂದೆಯವರ ಮಂಚದ ತಲೆಯ ಹತ್ತಿರ, ಒಂದು ಪುಸ್ತಕದಷ್ಟು ಅಗಲದ ಕಿಂಡಿ. ತೆರೆದಿದ್ದರೆ ಐವತ್ತೊಂದರ ಗೋಡೆ ಇಪ್ಪತ್ತಮೂರಕ್ಕೆ ಇಳಿಯುತ್ತದೆ. ಉಸಿರಿನ ಸಿಳ್ಳೂ ಕೇಳೀತು. ಅಂಚಿಗೆ ರಬ್ಬರಿನ ಪಟ್ಟಿ ಬಡಿದ ದಪ್ಪ ಮರದ ಕದ ಹಾಕಿ ಮುಚ್ಚಿದರೆ ನಲವತ್ತರ ಹತ್ತಿರ. ಭಾರ ಹೊರುವ ಗೋಡೆಯಲ್ಲ, ಎಂಜಿನಿಯರನ ಕೈಯಲ್ಲಿ ನೋಡಿಸಿದ್ದೇನೆ.

ಮಹಾದೇವಿಯವರು ಆಗಲೇ ಸುತ್ತಿಗೆ ಹುಡುಕತೊಡಗಿದರು. ಚಂಪಾ ಕೂಸನ್ನು ಅವಚಿಕೊಂಡು ಕೇಳಿದ ಪ್ರಶ್ನೆ ಒಂದೇ. ಚಿಲಕ ಯಾರ ಕಡೆ?

ನಾನು ಈ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. “ಇಬ್ಬರೂ ಕೂಡಿ ವೇಳೆ ಗೊತ್ತು ಮಾಡಿ ಬರೆದಿಡೋಣ” ಎಂದೆ.

“ಕಾಯ್ ದಾದಾ, ಕಾಗದಾವರ್ ಸಹೀ ಕರೂ?” ಎಂದು ಚಂಪಾ ಸಿಡಿದರು. ಕಾಗದದ ಮೇಲೆ ರುಜು ಹಾಕಲೇ ಎಂದು. “ಆಪ್ ಲೋಗ್ ಕೋ ಹರ್ ಚೀಜ್ ಕಾಗಜ್ ಪೇ ಚಾಹಿಯೆ.” ನಿಮ್ಮಂಥವರಿಗೆ ಎಲ್ಲವೂ ಕಾಗದದ ಮೇಲೆಯೇ ಬೇಕು ಎಂದು.

ಚಿಲಕ ನಿಂಗಣ್ಣನವರ ಕಡೆ ಇರಲಿ ಎಂದರು ಮಹಾದೇವಿಯವರು. ಹಾಗಾದರೆ ಕಿಂಡಿಯೇ ಬೇಡ ಎಂದರು ಚಂಪಾ. ಅತ್ತೆ ರೇಗಿದರು: “ಅವನ ಜೀವ ನಿನ್ನ ಕೈಯಾಗ ಕೊಡಬೇಕೇನ?” ಚಂಪಾ ಕನ್ನಡದಲ್ಲೇ ಉತ್ತರಿಸಿದರು, ತುಂಡು ತುಂಡು ಕನ್ನಡ: “ಹೌದು. ಕೊಡ್ರಿ. ನಂಗೆ ಯಾರೂ ಏನೂ ಕೊಡಂಗಿಲ್ಲ. ಬರೇ ಸಹನ ಮಾಡು ಅಂತಾರ.”

ಕೆಲಸದಿಂದ ಬಂದು ಬಾಗಿಲಲ್ಲೇ ನಿಂತಿದ್ದ ನಿಮ್ಮ ತಾಯಿ ಸುಂದ್ರವ್ವನವರು, “ಅಕಿ ಕಡೀನ ಇರ್ಲಿ” ಎಂದರು. ಅಷ್ಟೇ.

ಕಿಂಡಿ ಆಗಿದೆ. ಚಿಲಕ ಚಂಪಾ ಬದಿಗೆ. ಕೂಸು ಮಲಗುವಾಗ ಹಾಕುತ್ತಾರೆ, ಎದ್ದ ಮೇಲೆ ತೆಗೆಯುತ್ತಾರೆ. ಇದು ಸಾಕೋ ಸಾಲದೋ ಎಂದು ಊಹಿಸುವ ಲೆಕ್ಕ ನನ್ನ ಹತ್ತಿರ ಇಲ್ಲ. ಇಂಥ ಕಡೆ ನಾನು ಈ ಹಿಂದೆ ಘೋಷಣೆ ಹಾಕುತ್ತಿದ್ದೆ.

ಸೃಜನ್


ವಿಕ್ರೋಳಿ
13 ಅಕ್ಟೋಬರ್ 2024

ಸೃಜನ್,

ಅಪ್ಪ ಮನೆಗೆ ಬಂದು ಒಂದು ವಾರ. ಮೊದಲ ಎರಡು ದಿನ ನಾನು ಕಿಂಡಿಯನ್ನೇ ನೋಡುತ್ತಾ ಕೂತೆ. ಕದ ಮುಚ್ಚಿದರೆ ಎದ್ದು ಹೋಗಿ ಅಪ್ಪನ ಎದೆಗೆ ಕಿವಿ ಇಡುತ್ತಿದ್ದೆ. ಮೂರನೆಯ ದಿನ ಅಪ್ಪನೇ ಬೈದ: “ನಿನ್ನ ಸಾಲಿ ಎಲ್ಲೈತಿ? ನೀ ಇಲ್ಲಿ ಕುಂತ್ರ ನನ್ನ ಎದಿ ಏನ್ ಹೊಸಾದು ಆಗ್ತದ?”

ಅರ್ಜಿಯನ್ನು ಹರಿದೆ. ಇವತ್ತು ರೈಲು. ಹೊರಡುವಾಗ ಚಂಪಾಳಿಗೆ ಏನೋ ಹೇಳಬೇಕೆಂದು ನಿಂತೆ. ಕೊನೆಗೆ ಅಪ್ಪನ ಔಷಧದ ಪಂಪು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟೆ. ಅವಳು ಕೂಸಿನ ಬೊಂಬೆಯ ಬಾಯಿಗೆ ಹಿಡಿದು ಕಲಿತಳು.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ.

ಶೈಲಾ


ಅಂಧೇರಿ
12 ಡಿಸೆಂಬರ್ 2024

ಶೈಲಾ,

ಮೊನ್ನೆ ಮಾಳಿಗೆಗೆ ಹೋಗಿದ್ದೆ. ಅಳೆಯಲು ಅಲ್ಲ, ಸುಮ್ಮನೆ. ಮಹಾದೇವಿಯವರು ಚಹಾ ಕೊಟ್ಟರು. ನಿಂಗಣ್ಣನವರು ಕಿಂಡಿಯಿಂದಲೇ ಮಾತಾಡಿಸಿದರು. “ಬರವಲ್ದು ಸಾಹೇಬ್ರು ಬಂದಾರೇನ?” ಇಡೀ ಮಾಳಿಗೆ ಈಗ ನನ್ನನ್ನು ಕರೆಯುವುದು ಇದೇ ಹೆಸರಿನಿಂದ. ನಗುತ್ತ ನಗುತ್ತ ಕೆಮ್ಮಿದರು. ಚಂಪಾ ಕೂಸಿಗೆ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿ, ಕೆಮ್ಮು ಮುಗಿಯುವವರೆಗೆ ಕಾದು, ಮತ್ತೆ ಕಲಸಿದರು. ಹಾಗೆ ಕಾದದ್ದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಕರಪತ್ರ ನಿಲ್ಲಿಸಿಲ್ಲ. ಎರಡು ಜಾತಿಯ ಗೋಡೆ ತಪ್ಪೆಂದು ಈಗಲೂ ನಂಬುತ್ತೇನೆ. ಆದರೆ ಅಚ್ಚಿಗೆ ಕೊಡುವ ಮೊದಲು ಪ್ರತಿಯೊಂದು ಮಾತನ್ನೂ ಹೇಳಿದವರ ಎದುರು ಓದುತ್ತೇನೆ. ಹಾಗಾಗಿ ಬಹಳ ನಿಧಾನ.

ಸೃಜನ್


ವಿಕ್ರೋಳಿ
2 ಫೆಬ್ರವರಿ 2025

ಸೃಜನ್,

ಅಪ್ಪ ತೀರಿಕೊಂಡು ಹತ್ತು ದಿನವಾಯಿತು. ಮಣ್ಣು ಮಾಡುವ ದಿನ ನೀವು ಬಂದಿದ್ದಿರೆಂದು ಅವ್ವ ಹೇಳಿದಳು. ಆ ಗದ್ದಲದಲ್ಲಿ ನಾನು ಯಾರನ್ನೂ ನೋಡಲಿಲ್ಲ.

ನಡೆದದ್ದು ಇಷ್ಟು. ಬೆಳಗಿನ ಹೊತ್ತು. ಚಿಗವ್ವ ಪೇಟೆಗೆ ಹೋಗಿದ್ದಳು, ಅವ್ವ ಕೆಲಸಕ್ಕೆ. ಚಂಪಾ ಒಬ್ಬಳೇ ಬಟ್ಟೆ ಮಡಿಸುತ್ತಿದ್ದಳು, ಕಿಂಡಿ ತೆರೆದಿತ್ತು. ನಾನು ಅವಳನ್ನು ಕೇಳಿದೆ, ಕೆಮ್ಮು ಜೋರಾಯಿತೇ ಎಂದು. ಅವಳು ತಲೆಯಾಡಿಸಿದಳು.

“ಖೋಕಲಾ ಥಾಂಬಲಾ, ತಾಈ. ಮ್ಹಣೂನ್ ಧಾವಲೇ.”

ಕೆಮ್ಮು ನಿಂತಿತು ಅಕ್ಕಾ, ಅದಕ್ಕೇ ಓಡಿದೆ ಎಂದು. ಚಿಗವ್ವ ಬಿಟ್ಟುಹೋಗಿದ್ದ ಕೀಲಿಯಿಂದ ಬಾಗಿಲು ತೆಗೆದು ಹೋದಾಗ ಅಪ್ಪನಿಗೆ ಇನ್ನೂ ಉಸಿರಿತ್ತು. ಪಂಪು ಹಿಡಿದಳು. ಆಂಬುಲೆನ್ಸಿಗೆ ಫೋನ್ ಮಾಡಿ, ಅವ್ವನಿಗೂ ಮಾಡಿದಳು. ಅವ್ವ ಬಂದು ಮುಟ್ಟುವವರೆಗೆ ಅಪ್ಪ ಇದ್ದ. ಚಂಪಾಳ ತೊಡೆಯ ಮೇಲಿದ್ದ ತಲೆಯನ್ನು ಅವ್ವ ತನ್ನ ತೊಡೆಗೆ ತೆಗೆದುಕೊಂಡಳು. ಆಂಬುಲೆನ್ಸ್ ಬಂದಾಗ ಅದಕ್ಕೆ ಕೆಲಸವಿರಲಿಲ್ಲ. ಆ ಎದೆ ಇನ್ನೆಷ್ಟು ದಿನ ತಡೆಯುತ್ತಿತ್ತು ಎಂದು ಓದುತ್ತಿರುವ ನನಗೆ ಗೊತ್ತಿತ್ತು. ಅವನು ಒಬ್ಬನೇ ಹೋಗುತ್ತಾನೆ ಎಂಬುದೊಂದೇ ನನ್ನ ಹೆದರಿಕೆಯಾಗಿತ್ತು.

ಕಿಂಡಿ ಮುಚ್ಚಿಸಲು ಗೌಂಡಿಯನ್ನು ಕಳಿಸಲೇ ಎಂದು ನೀವು ಅವ್ವನನ್ನು ಕೇಳಿದ್ದಿರಂತೆ. ಅವಳು ಉತ್ತರ ಕೊಟ್ಟಿಲ್ಲ. ಈ ಹತ್ತು ದಿನ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನಿನ್ನೆ ಮಧ್ಯಾಹ್ನ ಆಚೆಗೆ ಕೂಸು ಅತ್ತಿತು, ಬಹಳ ಹೊತ್ತು ಅತ್ತಿತು. ಅವ್ವ ಎದ್ದು ಕಿಂಡಿಗೆ ಬಾಯಿ ಹಚ್ಚಿ ಕೂಗಿದಳು:

“ಚಂಪಾ, ಕೂಸಿನ್ನ ಈ ಕಡಿ ಕೊಡ.”

ಕಿಂಡಿಯಲ್ಲಿ ಕೂಸು ಹಾಯುವುದಿಲ್ಲ. ಚಂಪಾ ಸುತ್ತಿ ಬಾಗಿಲಿನಿಂದ ಬಂದಳು.

ಶೈಲಾ